ಹಳೇ ಆಯಿಲ್ ಎಲ್ಲಿ ಸುರಿದ್ರಿ?

ಆಯುಧಪೂಜೆ ದಿನ ನಮ್ಮ ಮೆಕ್ಯಾನಿಕಲ್ ಬ್ಲಾಕ್ ನೋಡ್ಬೇಕು. ಲೇತ್ ಮಷೀನಿಗೆ ವಿಭೂತಿ ಪಟ್ಟೆ, ಐಸಿ ಎಂಜಿನ್ ಲ್ಯಾಬಿನ ಟೆಸ್ಟ್ ರಿಗ್ಗಿಗೆ ಚೆಂಡುಹೂವಿನ ಹಾರ, ಹೊರಗೆ ಸಾಲಾಗಿ ನಿಂತ ಕಾರು-ಬೈಕುಗಳ ಚಕ್ರದಡಿ ನಿಂಬೆಹಣ್ಣು, ಗೇಟಿನ ಹತ್ತಿರ ಒಡೆದ ಬೂದುಗುಂಬಳ, ಎಲ್ಲರ ಕೈತುಂಬ ಕಡ್ಲೆಪುರಿ. ಮಂಗಳಾರತಿ ಮುಗಿದ ಮೇಲೆ ಒಂದು ಸೆಲ್ಫಿ. ಮರುದಿನದಿಂದ ಆ ಗಾಡಿಗಳ ಬಾನೆಟ್ ಎತ್ತೋರು ಯಾರೂ ಇಲ್ಲ. ಮುಂದಿನ ಸರ್ವಿಸ್ ತನಕ ಇಲ್ಲ, ಕೆಲವರದ್ದು ಮುಂದಿನ ಆಯುಧಪೂಜೆ ತನಕವೂ ಇಲ್ಲ.

ಬೇರೆಯವರನ್ನ ಆಡಿಕೊಳ್ಳೋಕೆ ಈ ಮಾತು ಹೇಳ್ತಿಲ್ಲ. ನಮ್ಮದೂ ಅದೇ ಕಥೆ. ಎಂಟರಲ್ಲಿ ಏಳು ಸೆಮಿಸ್ಟರ್ ಮುಗಿಸಿದ್ದೀವಿ. ಓಟೋ ಸೈಕಲ್ಲಿನ ಪಿ-ವಿ ಡಯಾಗ್ರಾಮನ್ನ ನಿದ್ದೆಗಣ್ಣಲ್ಲೂ ಬರೀತೀವಿ. ವಿಸ್ಕಾಸಿಟಿ ಅಂದ್ರೇನು ಅಂತ ವೈವಾದಲ್ಲಿ ಕೇಳಿದ್ರೆ ಉಸಿರು ಬಿಡದೆ ಒಪ್ಪಿಸ್ತೀವಿ. ಆದ್ರೆ ಮನೆ ಮುಂದೆ ನಿಂತಿರೋ ಕಾರಿನ ಆಯಿಲ್ ಎಲ್ಲಿಂದ ಇಳಿಸ್ತಾರೆ, ಇಳಿಸಿದ್ದು ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ರೆ ಮೊನ್ನೆ ಮೊನ್ನೆವರೆಗೂ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಈ ಬರಹದಲ್ಲಿ ನಾವು ಹೇಳಬೇಕಂತಿರೋದು ಒಂದೇ ಮಾತು. ಎಂಜಿನಿಯರಿಂಗ್ ಓದೋ ಪ್ರತಿಯೊಬ್ಬರೂ, ಯಾವ ಬ್ರಾಂಚ್ ಆದ್ರೂ ಸರಿ, ಒಮ್ಮೆಯಾದ್ರೂ ಮನೆ ಗಾಡಿಯ ಎಂಜಿನ್ ಆಯಿಲನ್ನ ಸ್ವಂತ ಕೈಯಲ್ಲಿ ಬದಲಿಸಬೇಕು. ಮತ್ತು ಆ ಕೆಲಸವನ್ನ ಕೊನೇ ಹಂತದ ತನಕ ಮಾಡಬೇಕು. ಹೊಸ ಆಯಿಲ್ ಹಾಕಿ ಮುಚ್ಚಳ ತಿರುಗಿಸಿದ ಕೂಡಲೇ ಕೆಲಸ ಮುಗಿದಿರಲ್ಲ. ಹಳೇ ಆಯಿಲ್ ಸೇರಬೇಕಾದ ಜಾಗ ಸೇರಿದ ಮೇಲೆ ಮುಗಿಯುತ್ತೆ.

ಶುರುವಾಗಿದ್ದು ಹೀಗೆ

ನಾವು ನಾಲ್ವರು. ಇಬ್ಬರು ಮೆಕ್ಯಾನಿಕಲ್, ಒಬ್ಬ ಇಲೆಕ್ಟ್ರಾನಿಕ್ಸ್, ಒಬ್ಬಳು ಸಿವಿಲ್. ಕಳೆದ ಸೆಮಿಸ್ಟರ್ ರಜೆಯಲ್ಲಿ ಹಾಸನದಲ್ಲಿರೋ ಗೆಳೆಯನ ಮನೆಗೆ ಹೋಗಿದ್ವಿ. ಅವರಪ್ಪನದ್ದು ಎಂಟು ವರ್ಷದ ಹಳೇ ಪೆಟ್ರೋಲ್ ಕಾರು, ವಾರಂಟಿ ಯಾವತ್ತೋ ಮುಗಿದಿತ್ತು. ಊಟದ ಹೊತ್ತಲ್ಲಿ ಅಂಕಲ್ ಸುಮ್ಮನೆ ಅಂದ್ರು: "ಮನೇಲಿ ಇಬ್ಬಿಬ್ರು ಮೆಕ್ಯಾನಿಕಲ್ ಎಂಜಿನಿಯರ್ ಕೂತಿದ್ದೀರ, ನಾನು ಆಯಿಲ್ ಚೇಂಜಿಗೆ ನಾಳೆ ಗ್ಯಾರೇಜಿಗೆ ಹೋಗ್ಬೇಕು." ತಮಾಷೆಗೆ ಅಂದಿದ್ದು. ನಮಗೆ ಚುಚ್ಚಿತು. "ನಾವೇ ಮಾಡ್ತೀವಿ ಅಂಕಲ್" ಅಂದುಬಿಟ್ವಿ.

ಅಂದ ಮೇಲೆ ಭಯ ಶುರುವಾಯ್ತು. ಲ್ಯಾಬಲ್ಲಿ ಎಂಜಿನ್ ಕೆಟ್ಟರೆ ಲ್ಯಾಬ್ ಅಸಿಸ್ಟೆಂಟ್ ಸರ್ ಇದ್ದಾರೆ. ಇಲ್ಲಿ ಕೆಟ್ಟರೆ ಅಂಕಲ್ ಸೋಮವಾರ ಆಫೀಸಿಗೆ ಹೇಗೆ ಹೋಗೋದು?

ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಮಲಗಿದ್ದ ಮ್ಯಾನುವಲ್ ಹೊರಗೆ ಬಂತು. ಯಾವ ಗ್ರೇಡ್ ಆಯಿಲ್, ಎಷ್ಟು ಲೀಟರ್, ಎಷ್ಟು ದಿನಕ್ಕೊಮ್ಮೆ, ಎಲ್ಲ ಅದರಲ್ಲೇ ಇತ್ತು. ಬಹಳಷ್ಟು ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಡಬ್ಬದ ಮೇಲಿನ 5ಡಬ್ಲ್ಯೂ-30 ಅನ್ನೋ ಬರಹವನ್ನ ನಾವು ಅಲ್ಲಿತನಕ ಮಾಡೆಲ್ ನಂಬರ್ ಥರ ನೋಡ್ತಿದ್ವಿ. ಅದರಲ್ಲಿ ಡಬ್ಲ್ಯೂ ಅಂದ್ರೆ ವಿಂಟರ್, ಚಳಿಗಾಲ. ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದಕ್ಕೆ ಮೊದಲ ಸಂಖ್ಯೆ. ಎಂಜಿನ್ ಕಾದಾಗ ಎಷ್ಟು ಮಂದ ಇರುತ್ತೆ ಅನ್ನೋದಕ್ಕೆ ಎರಡನೇದು. 30 ಅಂತಿದ್ರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಕೈನೆಮ್ಯಾಟಿಕ್ ವಿಸ್ಕಾಸಿಟಿ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿರಬೇಕು. ಸೆಂಟಿಸ್ಟೋಕ್ಸ್! ಫ್ಲೂಯಿಡ್ ಮೆಕ್ಯಾನಿಕ್ಸ್ ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿ ಮರೆತ ಯೂನಿಟ್ಟು ಅಂಗಡಿಯ ಶೆಲ್ಫಿನ ಮೇಲೆ ಕೂತಿತ್ತು.

ಕಾರು ಎತ್ತೋಕೆ ಜಾಕಿ ಇತ್ತು. ಅದರ ಕೆಳಗೆ ಇಡೋ ಕಬ್ಬಿಣದ ಸ್ಟ್ಯಾಂಡ್ ಇರಲಿಲ್ಲ. ರಸ್ತೆ ತುದಿಯ ಗ್ಯಾರೇಜಿನ ಅಣ್ಣನ್ನ ಕೇಳಿದ್ವಿ. ಅಂಕಲ್ ಆ ಗ್ಯಾರೇಜಿಗೇ ಹೋಗೋದು, ಅಂದ್ರೆ ಅವರ ಗಿರಾಕಿಯನ್ನೇ ತಪ್ಪಿಸಿ ಅವರ ಹತ್ತಿರವೇ ಸಾಮಾನು ಕೇಳ್ತಿದ್ದೀವಿ. ಅಣ್ಣ ನಕ್ಕು ಎರಡು ಸ್ಟ್ಯಾಂಡ್ ಕೊಟ್ಟರು. ಕೊಡುವಾಗ ನಗು ನಿಲ್ಲಿಸಿ ಹೇಳಿದ್ರು: "ಬರೀ ಜಾಕಿ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಿದ್ರೆ ನಾನೇ ಬಂದು ಬಾರಿಸ್ತೀನಿ ನೋಡ್ರಪ್ಪಾ." ಈ ಲೇಖನದಲ್ಲಿ ನೀವು ಬೇರೆಲ್ಲ ಮರೆತರೂ ಪರವಾಗಿಲ್ಲ, ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಕ್ಕೆ ಅಡ್ಡಗಲ್ಲು, ಸ್ಟ್ಯಾಂಡ್. ಇಷ್ಟು ಇಲ್ಲದಿದ್ರೆ ಕಾರಿನ ಕೆಳಗೆ ಹೋಗಲೇಬೇಡಿ.

ಇನ್ನೊಂದು ಸಂಗತಿ. ನಾವು "ಸಂಪ್ ಎಲ್ಲಿದೆ" ಅಂತ ಕೇಳಿದ್ವಿ. ಅಣ್ಣ ಮನೆಯ ನೀರಿನ ಸಂಪು ಅಂದುಕೊಂಡ್ರು. ಗ್ಯಾರೇಜಿನಲ್ಲಿ ಅದು ಆಯಿಲ್ ಚೇಂಬರ್. ಡ್ರೈನ್ ಪ್ಲಗ್ ಅಲ್ಲ, ಡ್ರೈನ್ ನಟ್. ಹಳ್ಳಿಯಲ್ಲಿ ಗಾಡಿ ಅಚ್ಚಿಗೆ ಹಾಕ್ತಿದ್ದ ಎಣ್ಣೆಗೆ ಕೀಲೆಣ್ಣೆ ಅಂತಿದ್ರು ಅಂತ ಗೆಳೆಯನ ಅಜ್ಜಿ ಹೇಳಿದ್ರು. ಕನ್ನಡ ಬಳಗದಲ್ಲಿದ್ದುಕೊಂಡು ತಾಂತ್ರಿಕ ಪದಗಳಿಗೆ ಕನ್ನಡ ಇಲ್ಲ ಅಂತ ಭಾಷಣ ಮಾಡೋ ನಮಗೆ ಇದೂ ಒಂದು ಪಾಠವೇ.

ಕೈ ಕಪ್ಪಾದ ಮೂರು ಗಂಟೆ

ಗ್ಯಾರೇಜಿನಲ್ಲಿ ಅರ್ಧ ಗಂಟೆಯ ಕೆಲಸ ನಮಗೆ ಮೂರು ಗಂಟೆ ಹಿಡೀತು. ಎಂಜಿನ್ನನ್ನ ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಬೇಕು, ಆಗ ಆಯಿಲ್ ತೆಳುವಾಗಿ ಕೆಸರನ್ನೂ ಎಳ್ಕೊಂಡು ಇಳಿಯುತ್ತೆ. ಜಾಸ್ತಿ ಕಾದರೆ ಕೈ ಸುಡುತ್ತೆ. ಇದು ಓದಿಕೊಂಡಿದ್ವಿ. ಕೆಳಗೆ ಮಲಗಿಕೊಂಡಾಗ ಯಾವ ಕಡೆ ತಿರುಗಿಸಿದ್ರೆ ಸಡಿಲ ಅನ್ನೋದೇ ಗೊಂದಲ ಆಗುತ್ತೆ ಅಂತ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ನಮ್ಮವನೊಬ್ಬ ಎರಡು ನಿಮಿಷ ಬಿಗಿ ಮಾಡ್ತಾನೇ ಇದ್ದ. "ಹೆಣ್ಮಕ್ಳಿಗ್ಯಾಕಮ್ಮ ಇದೆಲ್ಲ" ಅಂತ ಕಾಂಪೌಂಡ್ ಆಚೆಯಿಂದ ಒಬ್ಬರು ಅಂತಿದ್ದ ಹೊತ್ತಿಗೆ, ಸಿವಿಲ್‌ನವಳೇ ಒಳಗೆ ನುಸುಳಿ ನಟ್ ಬಿಚ್ಚಿದಳು.

ಆಯಿಲ್ ನೇರ ಕೆಳಗೆ ಬೀಳುತ್ತೆ ಅಂತ ಟ್ರೇ ಇಟ್ಟಿದ್ವಿ. ಅದು ಓರೆಯಾಗಿ ಚಿಮ್ಮಿ ಒಂದಿಷ್ಟು ಹೊರಗೆ ಬಿತ್ತು. ಪ್ರೊಜೆಕ್ಟೈಲ್ ಮೋಷನ್ ಪಿಯುಸಿಯಲ್ಲೇ ಓದಿದ್ವಿ, ಏನು ಪ್ರಯೋಜನ! ಮರಳು ಹಾಕಿ ಉಜ್ಜಿ, ಆ ಮರಳನ್ನೂ ಒಂದು ಕವರಿಗೆ ತುಂಬಿದ್ವಿ.

ಮುಂದಿನದು ಫಿಲ್ಟರ್. ಹಳೇದು ಬಿಚ್ಚಿಕೊಂಡು ಬಂತು, ಹೊಸದರ ರಬ್ಬರ್ ರಿಂಗಿಗೆ ಬೆರಳಲ್ಲಿ ಒಂಚೂರು ಹೊಸ ಆಯಿಲ್ ಸವರಿ ಹಾಕೋಕೆ ಹೊರಟ್ವಿ. ಆಗ ಇಲೆಕ್ಟ್ರಾನಿಕ್ಸ್‌ನವನು "ತಡಿ ಮಗಾ, ಹಳೇದರ ರಿಂಗ್ ಎಲ್ಲಿ?" ಅಂದ. ನೋಡಿದ್ರೆ ಅದು ಎಂಜಿನ್ನಿಗೇ ಅಂಟಿಕೊಂಡು ಕೂತಿತ್ತು. ಅದರ ಮೇಲೆ ಹೊಸದನ್ನ ಕೂರಿಸಿದ್ದಿದ್ರೆ ಎರಡು ರಿಂಗಿನ ನಡುವೆ ಜಾಗ ಆಗಿ, ದಾರಿ ಮಧ್ಯೆ ಆಯಿಲೆಲ್ಲ ಸೋರಿ ಹೋಗ್ತಿತ್ತು. ಆಯಿಲ್ ಇಲ್ಲದ ಎಂಜಿನ್ ನಿಮಿಷಗಳಲ್ಲಿ ಜಾಮ್ ಆಗುತ್ತೆ. ಆ ಕ್ಷಣ ನಮ್ಮ ನಾಲ್ವರ ಮುಖವೂ ಬಿಳಿಚಿತ್ತು. ಒಂದು ರಬ್ಬರ್ ರಿಂಗು ಅಂಕಲ್‌ಗೆ ಹೊಸ ಎಂಜಿನ್ನಿನ ಖರ್ಚು ತರ್ತಿತ್ತು.

ಫಿಲ್ಟರನ್ನ ಕೈಯಲ್ಲೇ ಬಿಗಿ ಮಾಡಬೇಕು, ರಿಂಗ್ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು, ಅದರ ಮೇಲೆ ಬರೆದಿರುತ್ತೆ. ಡ್ರೈನ್ ನಟ್ಟಿಗೆ ಹೊಸ ವಾಷರ್ ಹಾಕಿ ಮ್ಯಾನುವಲ್ ಹೇಳಿದಷ್ಟೇ ಬಿಗಿ. ನಮಗೋ "ಇನ್ನೊಂಚೂರು, ಇನ್ನೊಂಚೂರು" ಅನ್ನೋ ಚಟ. ಚೇಂಬರ್ ಅಲ್ಯೂಮಿನಿಯಂ ಆಗಿದ್ರೆ ಆ ಇನ್ನೊಂಚೂರಿಗೆ ಮರೆ ಹೋಗುತ್ತೆ. ಸ್ಟ್ರೆಸ್-ಸ್ಟ್ರೇನ್ ಕರ್ವಿನಲ್ಲಿ ಯೀಲ್ಡ್ ಪಾಯಿಂಟ್ ಎಲ್ಲಿ ಬರುತ್ತೆ ಅಂತ ಅವತ್ತು ಮಣಿಕಟ್ಟಿಗೆ ಗೊತ್ತಾಯ್ತು.

ಹೊಸ ಆಯಿಲನ್ನ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಹಾಕಿ, ಕಡ್ಡಿ ಅದ್ದಿ ನೋಡಿ, ಮತ್ತೆ ಸ್ವಲ್ಪ ಹಾಕಿದ್ವಿ. ಜಾಸ್ತಿ ಆದ್ರೆ ಕ್ರ್ಯಾಂಕ್‌ಶಾಫ್ಟ್ ಆಯಿಲಿಗೆ ಬಡಿದು ನೊರೆ ಎಬ್ಬಿಸುತ್ತೆ, ನೊರೆ ಬೇರಿಂಗನ್ನ ಕಾಯಲ್ಲ. ಎರಡು ಗುರುತಿನ ನಡುವೆ ಬಂದ ಮೇಲೆ ಅಂಕಲ್ ಸ್ಟಾರ್ಟ್ ಮಾಡಿದ್ರು. ಕೆಂಪು ಆಯಿಲ್ ಲೈಟ್ ಒಂದು, ಎರಡು, ಮೂರು ಸೆಕೆಂಡ್ ಉರೀತು. ಯಾವ ರಿಸಲ್ಟ್ ದಿನವೂ ನಾವು ಅಷ್ಟು ಉಸಿರು ಬಿಗಿ ಹಿಡಿದಿರಲಿಲ್ಲ. ಆಮೇಲೆ ಆರಿತು. ನಿಲ್ಲಿಸಿ, ಕೆಳಗೆ ಹನಿ ಇದೆಯಾ ನೋಡಿ, ಮತ್ತೆ ಕಡ್ಡಿ ಅದ್ದಿ ನೋಡಿದ್ವಿ. ಆಂಟಿ ಎಲ್ಲರಿಗೂ ಕಾಫಿ ತಂದ್ರು.

ಇಷ್ಟಕ್ಕೇ ನಿಂತಿದ್ರೆ ಇದು ಸ್ಟೇಟಸ್ ಹಾಕೋ ಕಥೆ, ಪತ್ರಿಕೆಗೆ ಬರೆಯೋ ಕಥೆ ಅಲ್ಲ.

ಗಲೀಜಿನಿಂದ ಹುಟ್ಟಿದ ಥಿಯರಿ

ಅವತ್ತು ಸಂಜೆ ಹೈಡ್ರೋಡೈನಮಿಕ್ ಲೂಬ್ರಿಕೇಷನ್ ಪಾಠವನ್ನ ಮತ್ತೆ ತೆಗೆದು ಓದಿದ್ವಿ. ಪರೀಕ್ಷೆ ಇಲ್ಲದೆ ಪುಸ್ತಕ ತೆಗೆದಿದ್ದು ಅದೇ ಮೊದಲು. ಶಾಫ್ಟು ಮತ್ತು ಬೇರಿಂಗು ಒಂದಕ್ಕೊಂದು ತಾಗದಂತೆ ತೆಳುವಾದ ಆಯಿಲ್ ಪದರ ಎತ್ತಿ ಹಿಡಿಯುತ್ತೆ ಅನ್ನೋದು ಜಗತ್ತಿಗೆ ಗೊತ್ತಾಗಿದ್ದು ಹೇಗೆ ಗೊತ್ತಾ? 1880ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಬೋಶಾಂಪ್ ಟವರ್ ಅನ್ನೋ ಎಂಜಿನಿಯರ್ ರೈಲ್ವೆ ಬೇರಿಂಗುಗಳ ಘರ್ಷಣೆ ಅಳೀತಿದ್ದ. ಆಯಿಲ್ ಹಾಕೋಕೆ ಅಂತ ಬೇರಿಂಗಿನ ಮೇಲೆ ತೂತು ಕೊರೆದ. ಶಾಫ್ಟು ತಿರುಗಿದಾಗ ಆ ತೂತಿನಿಂದ ಆಯಿಲ್ ಮೇಲಕ್ಕೆ ಉಕ್ಕಿ ಬಂತು. ಬೆಣೆ ಹಾಕಿ ಮುಚ್ಚಿದ್ರೆ ಆ ಬೆಣೆಯನ್ನೇ ಹೊರಗೆ ತಳ್ಳಿತು. ಒಳಗೆ ಭಾರೀ ಒತ್ತಡ ಇದೆ ಅಂತ ಹೊಳೆದಿದ್ದು ಆಗ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅದಕ್ಕೆ ಸಮೀಕರಣ ಬರೆದ. ನಾವು ಹತ್ತು ಮಾರ್ಕಿಗೆ ಡಿರೈವ್ ಮಾಡೋದು ಅದನ್ನೇ.

ಮೊದಲು ನೆಲದ ಮೇಲೆ ಚೆಲ್ಲಿದ ಆಯಿಲ್, ಆಮೇಲೆ ಸಮೀಕರಣ. ನಮ್ಮ ಸಿಲೆಬಸ್ಸಿನಲ್ಲಿ ಮೊದಲನೇದು ಬಿಟ್ಟುಹೋಗಿದೆ. ಕೈ ಗಲೀಜಾಗೋ ಕೆಲಸ ಐಟಿಐನವರದ್ದು, ಡಿಪ್ಲೊಮಾದವರದ್ದು, ಗ್ಯಾರೇಜ್ ಹುಡುಗರದ್ದು, ನಮ್ಮದು ತಲೆ ಕೆಲಸ ಅನ್ನೋ ಒಂದು ಭಾವನೆ ನಮ್ಮೊಳಗೆ ಮೆಲ್ಲಗೆ ಕೂತುಬಿಟ್ಟಿದೆ. ಯಾರೂ ಬಾಯಿಬಿಟ್ಟು ಹೇಳಲ್ಲ. ಆದ್ರೆ ವರ್ಕ್‌ಶಾಪ್ ಲ್ಯಾಬ್ ದಿನ ಜಾಬ್ ಪೀಸನ್ನ ಯಾರ ಕೈಯಲ್ಲಿ ಮಾಡಿಸ್ತೀವಿ ಅಂತ ನಮಗೇ ಗೊತ್ತು.

ಮೂರು ವಾರ ಕಾದ ಕ್ಯಾನು

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾಫಿ ಕುಡಿದು ಸ್ಟ್ಯಾಂಡ್ ವಾಪಸ್ ಕೊಡೋಕೆ ಹೋದಾಗ ಗ್ಯಾರೇಜ್ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಹಳೇ ಆಯಿಲ್ ಎಲ್ಲಿ ಸುರಿದ್ರಿ?"

"ಎಲ್ಲೂ ಸುರಿದಿಲ್ಲ ಅಣ್ಣ, ಕ್ಯಾನಲ್ಲಿದೆ" ಅಂದ್ವಿ. ಆದ್ರೆ ಆ ಪ್ರಶ್ನೆ ಚುಚ್ಚಿದ್ದು ಬೇರೆ ಕಾರಣಕ್ಕೆ. ಎರಡನೇ ವರ್ಷದಲ್ಲಿ ಹಾಸ್ಟೆಲ್ ಹಿಂದೆ ನಮ್ಮವನೊಬ್ಬನ ಬೈಕಿನ ಆಯಿಲ್ ಬದಲಿಸಿದ್ವಿ. ಆಗ ಹಳೇದನ್ನ ಚರಂಡಿಗೆ ಸುರಿದು, ಮಗ್ಗಲ್ಲಿ ನೀರು ಹಾಕಿ ತೊಳೆದು, ಫೋಟೊ ತೆಗೆದು ಗ್ರೂಪಿಗೆ ಹಾಕಿದ್ವಿ. ನಲವತ್ತು ಜನ ಲೈಕ್ ಒತ್ತಿದ್ರು. ಆಯಿಲ್ ಎಲ್ಲಿ ಹೋಯ್ತು ಅಂತ ಒಬ್ಬನೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

ಹಾಸನದಲ್ಲಿ ಆ ಮಾತು ಬಂದಾಗ ಸಿವಿಲ್‌ನವಳು ಕೇಳಿದಳು: "ಆ ಚರಂಡಿ ಮಳೆನೀರಿಂದು ಕಣ್ರೋ, ಒಳಚರಂಡಿ ಅಲ್ಲ. ಅದು ಎಲ್ಲಿಗೆ ಹೋಗುತ್ತೆ ಗೊತ್ತಾ?" ಗೊತ್ತಿರಲಿಲ್ಲ. ಅದು ನಮ್ಮ ಕಾಲೇಜಿನ ಹಿಂದಿನ ಕೆರೆಗೆ ಹೋಗುತ್ತೆ. ಮಧ್ಯದಲ್ಲಿ ಯಾವ ಟ್ರೀಟ್‌ಮೆಂಟ್ ಪ್ಲಾಂಟೂ ಇಲ್ಲ. ಆ ಕೆರೆ ದಂಡೆಯಲ್ಲೇ ಸಂಜೆ ನಾವು ಕೂತು ಪರಿಸರದ ಬಗ್ಗೆ ಕವನ ಓದೋದು.

ಒಂದು ಸಲದ ಆಯಿಲ್ ಚೇಂಜಿನಲ್ಲಿ ಬರೋ ಹಳೇ ಆಯಿಲ್ಲು 10 ಲಕ್ಷ ಗ್ಯಾಲನ್, ಅಂದ್ರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನ ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತೆ. ನೀರಿನ ಮೇಲೆ ತೆಳು ಪೊರೆಯಾಗಿ ಹರಡಿ ಗಾಳಿ ಒಳಹೋಗದಂತೆ ಮಾಡುತ್ತೆ. ಎಂಜಿನ್ನೊಳಗೆ ಸವೆದ ಲೋಹದ ಕಣ, ಅರೆ ಸುಟ್ಟ ಇಂಧನ, ಮಸಿ, ಆಮ್ಲ ಎಲ್ಲ ಅದರಲ್ಲಿ ಇರುತ್ತೆ. ಅಂದಹಾಗೆ ಆಯಿಲ್ ಕಪ್ಪಾಗೋದು ಕೆಟ್ಟಿದ್ದಕ್ಕೆ ಮಾತ್ರ ಅಲ್ಲ. ಮಸಿ ಒಂದೆಡೆ ಗಂಟು ಕಟ್ಟದಂತೆ ಹಿಡಿದಿಟ್ಟುಕೊಳ್ಳೋ ರಾಸಾಯನಿಕಗಳು ಅದರಲ್ಲಿರುತ್ತವೆ. ಎಂಜಿನ್ನಿನ ಕೊಳೆಯನ್ನೆಲ್ಲ ತಾನು ಹೊತ್ತುಕೊಂಡು ಬಂದಿರುತ್ತೆ. ನಾವು ಚರಂಡಿಗೆ ಸುರಿದಿದ್ದು ಆ ಹೊರೆಯನ್ನ.

ಹಾಗಾದ್ರೆ ಈ ಕ್ಯಾನು ಏನು ಮಾಡೋದು? ಕೇಳಿದ ಪ್ರತಿಯೊಬ್ಬರ ಹತ್ತಿರವೂ ಒಂದು ಉಪಾಯ ಇತ್ತು. ಅಜ್ಜಿ "ಬಚ್ಚಲೊಲೆ ಹಚ್ಚೋಕೆ ಆಗುತ್ತೆ, ಇಟ್ಟಿರ್ರೋ" ಅಂದ್ರು. ಪಕ್ಕದ ಮನೆಯವರು "ಬೇಲಿ ಗೂಟಕ್ಕೆ ಬಳೀರಿ, ಗೆದ್ದಲು ಹತ್ತಲ್ಲ" ಅಂದ್ರು. ಎದುರು ಮನೆ ಕಟ್ಟಿಸ್ತಿದ್ದ ಮೇಸ್ತ್ರಿ "ಸೆಂಟ್ರಿಂಗ್ ಶೀಟಿಗೆ ಹಚ್ಚೋಕೆ ನಮಗೇ ಕೊಡಿ" ಅಂದ್ರು. ಇವರಾರೂ ಕೆಟ್ಟ ಬುದ್ಧಿಯವರಲ್ಲ. ಯಾವ ವಸ್ತುವನ್ನೂ ದಂಡ ಮಾಡಬಾರದು ಅನ್ನೋ ನಮ್ಮ ಜನರ ಒಳ್ಳೇ ಗುಣವೇ ಇದು. ಆದ್ರೆ ಒಲೆಯಲ್ಲಿ ಉರಿದ್ರೆ ಆ ಲೋಹ ಹೊಗೆಯಲ್ಲಿ ಬರುತ್ತೆ, ಗೂಟದಿಂದ ಮಳೆಗೆ ಮಣ್ಣಿಗೆ ಇಳಿಯುತ್ತೆ. ಚರಂಡಿಗೆ ಸುರಿದಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ, ಇದು ನಿಧಾನ.

ಗ್ಯಾರೇಜ್ ಅಣ್ಣನ ಹತ್ತಿರ 200 ಲೀಟರ್ ಡ್ರಮ್ ಇತ್ತು. ತುಂಬಿದಾಗ ಒಬ್ಬರು ಬಂದು ಲೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಒಯ್ತಾರೆ. "ತಂದು ಹಾಕ್ರಪ್ಪಾ" ಅಂದ್ರು. "ಅವ್ರು ಎಲ್ಲಿಗೆ ಒಯ್ತಾರೆ ಅಣ್ಣ?" ಅಂದಾಗ ಅವರು ಸುಳ್ಳು ಹೇಳಲಿಲ್ಲ. "ಅದು ನಂಗೂ ಪಕ್ಕಾ ಗೊತ್ತಿಲ್ಲ ನೋಡಿ" ಅಂದ್ರು.

ಕಾನೂನು ಏನು ಹೇಳುತ್ತೆ ಅಂತ ಹುಡುಕಿದ್ವಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಆಯಿಲ್ ಇದೆ. ಅದನ್ನ ಪರವಾನಗಿ ಇರೋ ಮರುಬಳಕೆದಾರರಿಗೇ ಕೊಡಬೇಕು. 2023ರ ತಿದ್ದುಪಡಿಯ ಪ್ರಕಾರ, 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸಿ ಮಾರೋ ಕಂಪನಿಗಳ ಮೇಲೂ ಅದರ ಮರುಬಳಕೆಯ ಹೊಣೆ ಬಿದ್ದಿದೆ. ಕಾಗದದಲ್ಲಿ ದಾರಿ ಇದೆ. ಆದ್ರೆ ಮೂರು ಲೀಟರ್ ಕ್ಯಾನು ಕೈಯಲ್ಲಿ ಹಿಡಿದು ನಿಂತ ಒಬ್ಬ ವಿದ್ಯಾರ್ಥಿಗೆ ಆ ದಾರಿ ಕಾಣಲ್ಲ. ಒಂದೆರಡು ಕಡೆ ಫೋನ್ ಮಾಡಿದ್ವಿ, "ಅಷ್ಟು ಕಮ್ಮಿ ತಗೊಳ್ಳಲ್ಲ" ಅಂದ್ರು. ರಜೆ ಮುಗಿದು ನಾವು ವಾಪಸ್ ಬಂದ್ವಿ. ಕ್ಯಾನು ಅಲ್ಲೇ ಹಿತ್ತಲಲ್ಲಿ ಉಳೀತು. ಆಂಟಿ ಫೋನ್ ಮಾಡಿದಾಗೆಲ್ಲ ಕೊನೆಯಲ್ಲಿ ಒಂದು ಮಾತು: "ಲೋ, ಆ ಕ್ಯಾನು ಯಾವಾಗ ಒಯ್ತೀರ?"

ಮೂರನೇ ವಾರ ಒಂದು ಸರ್ವಿಸ್ ಸೆಂಟರಿನವರು ಒಪ್ಪಿದ್ರು. ಪರವಾನಗಿ ಇರೋ ಮರುಶುದ್ಧೀಕರಣ ಘಟಕಕ್ಕೆ ಡ್ರಮ್ ಕಳಿಸಿದ ರಸೀದಿ ತೋರಿಸಿದ್ರು. ಗೆಳೆಯ ಶನಿವಾರ ಬಸ್ ಹತ್ತಿ ಊರಿಗೆ ಹೋಗಿ ಕ್ಯಾನು ತಲುಪಿಸಿ ಬಂದ. ಬಸ್ ಚಾರ್ಜು ನಾಲ್ವರೂ ಹಂಚಿಕೊಂಡ್ವಿ. ಆಯಿಲ್ ಚೇಂಜ್ ಮುಗಿದಿದ್ದು ಅವತ್ತು.

ಅಲ್ಲಿ ಅದಕ್ಕೆ ಇನ್ನೊಂದು ಜನ್ಮ ಇದೆ. ಬೇಸ್ ಆಯಿಲ್ ಪೂರ್ತಿ ಸವೆದುಹೋಗಿರಲ್ಲ. ಅದರಲ್ಲಿ ಬೆರೆಸಿದ ರಾಸಾಯನಿಕಗಳು ತೀರಿರುತ್ತವೆ, ಕೊಳೆ ಸೇರಿರುತ್ತೆ. ನೀರು, ಇಂಧನ ತೆಗೆದು, ನಿರ್ವಾತದಲ್ಲಿ ಭಟ್ಟಿ ಇಳಿಸಿ, ಶುದ್ಧ ಮಾಡಿದ್ರೆ ಮತ್ತೆ ಬೇಸ್ ಆಯಿಲ್ ಸಿಗುತ್ತೆ. ಸುಮಾರು 2.4 ಲೀಟರ್ ಲೂಬ್ರಿಕೇಟಿಂಗ್ ಆಯಿಲ್ ತಯಾರಿಸೋಕೆ ಕಚ್ಚಾತೈಲ ಆದ್ರೆ 159 ಲೀಟರ್ ಬೇಕು, ಬಳಸಿದ ಆಯಿಲ್ ಆದ್ರೆ 3.8 ಲೀಟರ್ ಸಾಕು ಅನ್ನೋದು ಅದೇ ಅಮೆರಿಕದ ಸಂಸ್ಥೆಯ ಲೆಕ್ಕ.

ನೀವು ಕೇಳಬಹುದಾದ್ದು

"ಗುರು, ಇದರಿಂದ ಎಷ್ಟು ಉಳೀತು?" ಏನೂ ಉಳೀಲಿಲ್ಲ ಅಂದ್ರೂ ನಡೆಯುತ್ತೆ. ಗ್ಯಾರೇಜಿನ ಕೂಲಿ ಕೆಲವು ನೂರು ರೂಪಾಯಿ. ಗ್ಲೌಸು, ಟ್ರೇ, ಫಿಲ್ಟರ್ ಬಿಚ್ಚೋ ಸಾಮಾನಿಗೇ ಅದು ಹೋಯ್ತು. ಮೆಕ್ಯಾನಿಕ್ಕುಗಳ ಹೊಟ್ಟೆ ಮೇಲೆ ಹೊಡೀರಿ ಅಂತಲೂ ನಾವು ಹೇಳ್ತಿಲ್ಲ. ಅಂಕಲ್ ಮುಂದಿನ ಸಲ ಅಣ್ಣನ ಹತ್ತಿರವೇ ಹೋಗ್ತಾರೆ. ಆದ್ರೆ ಗ್ಲೌಸ್ ಹರಿದು ಎರಡು ದಿನ ಉಗುರಿನ ಕಪ್ಪು ಹೋಗದಿದ್ದಾಗ, ಗ್ಲೌಸೇ ಇಲ್ಲದೆ ದಿನಾ ಇದೇ ಆಯಿಲಿನಲ್ಲಿ ಕೈ ಅದ್ದೋ ಹುಡುಗರ ನೆನಪಾಯ್ತು. ಬಳಸಿದ ಆಯಿಲ್ ಚರ್ಮಕ್ಕೆ ಪದೇ ಪದೇ ತಾಗೋದು ಆರೋಗ್ಯಕ್ಕೆ ಒಳ್ಳೇದಲ್ಲ. ಇನ್ನುಮುಂದೆ ಬಿಲ್ಲಿನಲ್ಲಿ ಕೂಲಿ ಜಾಸ್ತಿ ಅಂತ ಚೌಕಾಸಿ ಮಾಡೋಕೆ ನಮ್ಮ ಬಾಯಿ ಬರಲ್ಲ.

"ವಾರಂಟಿ?" ವಾರಂಟಿ ಇದ್ರೆ ಕೈ ಹಾಕಬೇಡಿ, ಮ್ಯಾನುವಲ್ ಓದಿ. ಬೈಕಿನಿಂದ ಶುರು ಮಾಡೋದು ಇನ್ನೂ ಸುಲಭ, ಅದರ ಕೆಳಗೆ ನುಸುಳೋ ಅಗತ್ಯ ಇಲ್ಲ.

"ಇನ್ನೇನು ಎಲ್ಲ ಇಲೆಕ್ಟ್ರಿಕ್ ಆಗುತ್ತೆ, ಆಯಿಲೇ ಇರಲ್ಲ." ಸರಿ, ಎಂಜಿನ್ ಆಯಿಲ್ ಇರಲ್ಲ. ಬ್ಯಾಟರಿ ಇರುತ್ತೆ. ಅದು ಸತ್ತ ಮೇಲೆ ಎಲ್ಲಿ ಹಾಕ್ತೀರಿ ಅನ್ನೋ ಪ್ರಶ್ನೆ ಮೂರು ಲೀಟರ್ ಕ್ಯಾನಿಗಿಂತ ತುಂಬಾ ದೊಡ್ಡದು. ಸಣ್ಣ ಕ್ಯಾನಿನ ಪ್ರಶ್ನೆಗೆ ಉತ್ತರ ಹುಡುಕದವರು ಆ ದೊಡ್ಡದಕ್ಕೆ ಡಿಸೈನ್ ಮಾಡೋದು ಹೇಗೆ? ನಮ್ಮಲ್ಲಿ ಎಷ್ಟೋ ಜನ ನಾಳೆ ಅದೇ ಕಂಪನಿಗಳಿಗೇ ಕೆಲಸಕ್ಕೆ ಹೋಗೋರು.

ಏನು ಮಾಡಬಹುದು

ನಮ್ಮ ಬೇಡಿಕೆ ಎರಡೇ. ಮೊದಲನೇದು ಡಿಪಾರ್ಟ್‌ಮೆಂಟಿಗೆ. ಐಸಿ ಎಂಜಿನ್ ಲ್ಯಾಬಿನಲ್ಲಿ ಹೇಗೂ ಹಳೇ ಆಯಿಲ್ ಬರುತ್ತೆ. ಅಲ್ಲೇ ಸಿಮೆಂಟ್ ನೆಲದ ಮೇಲೆ, ನೆರಳಲ್ಲಿ, ಮುಚ್ಚಳ ಇರೋ ಒಂದು ಡ್ರಮ್ ಇಡಿ. ಹಾಸ್ಟೆಲಿನ ಬೈಕುಗಳ ಆಯಿಲನ್ನೂ ಅಲ್ಲಿಗೇ ತರ್ತೀವಿ. ಪಕ್ಕದಲ್ಲಿ ಒಂದು ನೋಟ್‌ಬುಕ್: ಯಾರು, ಯಾವತ್ತು, ಎಷ್ಟು. ನೀರು, ಪೆಟ್ರೋಲ್, ಕೂಲೆಂಟ್ ಏನೂ ಅದಕ್ಕೆ ಬೆರೆಸಬಾರದು, ಬೆರೆಸಿದ್ರೆ ಯಾರೂ ತಗೊಳ್ಳಲ್ಲ. ಡ್ರಮ್ ತುಂಬಿದ ಮೇಲೆ ಪರವಾನಗಿ ಇರೋರಿಗೆ ಕೊಟ್ಟು, ರಸೀದಿಯನ್ನ ನೋಟೀಸ್ ಬೋರ್ಡಿಗೆ ಹಾಕಿ. ಮೂರು ಲೀಟರ್ ಯಾರೂ ಕೇಳಲ್ಲ, 200 ಲೀಟರಿಗೆ ಗಾಡಿ ಬಾಗಿಲಿಗೇ ಬರುತ್ತೆ.

ಎರಡನೇದು ನಮ್ಮ ಕನ್ನಡ ಬಳಗಕ್ಕೆ. ಒಂದು ಶನಿವಾರ ಒಬ್ಬ ಗ್ಯಾರೇಜ್ ಅಣ್ಣನ್ನ ಅತಿಥಿಯಾಗಿ ಕರೆಯೋಣ. ಶಾಲು-ಹಾರ ಸಾಲದು, ಗೆಸ್ಟ್ ಲೆಕ್ಚರ್ ಕೊಡೋರಿಗೆ ಕೊಡೋ ಗೌರವಧನವನ್ನೇ ಕೊಡೋಣ. ಅವರು ಕಲಿಸಲಿ, ನಾವು ಕೆಳಗೆ ನುಸುಳಿ ಕಲಿಯೋಣ. ಚೇಂಬರು, ಡ್ರೈನ್ ನಟ್ಟು, ಕೀಲೆಣ್ಣೆ ಎಲ್ಲ ಬರೆದಿಟ್ಟುಕೊಂಡು ಎರಡು ಪುಟದ ಕನ್ನಡ ಕೈಪಿಡಿ ಮಾಡೋಣ. ಅದರ ಕೊನೇ ಹಂತ "ಹೊಸ ಆಯಿಲ್ ಹಾಕಿ" ಅಂತ ಇರೋದು ಬೇಡ, "ಹಳೇ ಆಯಿಲನ್ನ ಡ್ರಮ್ಮಿಗೆ ತಲುಪಿಸಿ, ಖಾಲಿ ಡಬ್ಬಕ್ಕೆ ತೂತು ಮಾಡಿ" ಅಂತಿರಲಿ. ತೂತು ಯಾಕಂದ್ರೆ, ಸರಿಯಾಗಿರೋ ಖಾಲಿ ಡಬ್ಬ ಸಿಕ್ಕರೆ ನಕಲಿ ಆಯಿಲ್ ತುಂಬಿ ಮಾರೋರಿದ್ದಾರೆ.

ಈ ರಜೆಗೆ ಊರಿಗೆ ಹೋದಾಗ ಅಪ್ಪನ ಗಾಡಿಯ ಮ್ಯಾನುವಲ್ಲಿನ ಪ್ಲಾಸ್ಟಿಕ್ ಕವರ್ ತೆಗೆಯಿರಿ, ಅಷ್ಟಾದ್ರೂ ಸಾಕು. ಆಯಿಲ್ ಬದಲಿಸಿದ್ರೆ ಫೋಟೊ ಗ್ರೂಪಿಗೆ ಹಾಕಿ, ನಾವೂ ಲೈಕ್ ಒತ್ತುತೀವಿ. ಆದ್ರೆ ಕೆಳಗೆ ಕಾಮೆಂಟಲ್ಲಿ ಕೇಳೇ ಕೇಳ್ತೀವಿ: ಹಳೇ ಆಯಿಲ್ ಎಲ್ಲಿ ಸುರಿದ್ರಿ?

ಹಾಸ್ಟೆಲ್ ಹಿಂದಿನ ಚರಂಡಿಯ ಅಂಚಿನಲ್ಲಿ ನಮ್ಮ ಎರಡನೇ ವರ್ಷದ ಕಲೆ ಇನ್ನೂ ಹಾಗೇ ಇದೆ. ಹೋಗಿ ನೋಡಬಹುದು.